ಕಿಲ್ನ್ ತುಂಬಿಸಿದವರು

ಅಜ್ಜಿಯ ಬಿಸಲೆ ಒಡೆದದ್ದು ಅಮ್ಮನ ಕೈಯಿಂದ. ಬಾಯಿ ಹಾಕಿ ಸಿಕ್ಕಿಬಿದ್ದದ್ದು ನಾನು.

ಬಿಸಲೆ ಎಂದರೆ ಮೀನಿನ ಸಾರು ಮಾಡುವ, ಬಾಯಿ ಅಗಲವಾದ ಮಣ್ಣಿನ ಪಾತ್ರೆ. ನಮ್ಮ ಮನೆಯದ್ದು ಅಪ್ಪಿ ಅಜ್ಜಿ ಮದುವೆಯಾಗಿ ಬಂದ ಕಾಲದ್ದು. ಹುಳಿ, ಮೆಣಸು, ತೆಂಗಿನೆಣ್ಣೆ ಕುಡಿದು ಕುಡಿದು ಕಪ್ಪಾಗಿತ್ತು. ಖಾಲಿ ಇದ್ದಾಗಲೂ ಮೂಗು ಹತ್ತಿರ ತಂದರೆ ಬಾಯಲ್ಲಿ ನೀರು ಬರುತ್ತಿತ್ತು. ಅಜ್ಜಿಯ ಗಂಡ ಬೋಜಜ್ಜನಿಗೆ ಬಂಗುಡೆ ಮೀನಿನ ಪುಳಿಮುಂಚಿ, ಅಂದರೆ ಹುಳಿ ಖಾರದ ಸಾರು, ಅದರಲ್ಲಿ ಮಾಡಿದರೇ ಆಗಬೇಕಿತ್ತು. ಒಮ್ಮೆ ಅಮ್ಮ ಸ್ಟೀಲಿನ ಪಾತ್ರೆಯಲ್ಲಿ ಮಾಡಿದ್ದಕ್ಕೆ, "ಲಾಯಿಕ್ ಆಗಿದೆ" ಎಂದು ಹೇಳಿ ಉಪ್ಪಿನಕಾಯಿಯಲ್ಲಿ ಊಟ ಮುಗಿಸಿ ಎದ್ದಿದ್ದರು.

ಮೇ ತಿಂಗಳ ಒಂದು ಮಧ್ಯಾಹ್ನ ತೊಳೆಯುವಾಗ ಅದು ಕೈಜಾರಿ ಎರಡು ಹೋಳಾಯಿತು. ಅಮ್ಮ ಅಳುವ ಹಾಗಾದಳು. "ಹೋಗ್ಲಿ, ಮಾರ್ಕೆಟಲ್ಲಿ ಸಿಗ್ತದೆ, ನಾಳೆ ತರ್ತೇನೆ," ಅಂದರು ಅಪ್ಪ. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅಂದು ಚಿಕ್ಕಪ್ಪ ಮೋಹನದಾಸ್ ಬಂದು ಚಾವಡಿಯಲ್ಲಿ ಕೂತಿದ್ದರು. ನನ್ನನ್ನು ಕಂಡಾಗಲೆಲ್ಲ ಅವರು ಕೇಳುವುದು ಒಂದೇ ಪ್ರಶ್ನೆ: "ಭವ್ಯ ಈಗ ಎಂತ ಮಾಡುವುದು?" ಬಿ.ಕಾಂ. ಮುಗಿಸಿ, ಕೊಡಿಯಾಲ್‌ಬೈಲಿನ ಆಡಿಟರ್ ಆಫೀಸಿನ ಕೆಲಸ ಬಿಟ್ಟು ನಾನು ಮಣ್ಣಿನ ಪಾತ್ರೆ ಮಾಡುತ್ತೇನೆಂದು ಅವರಿಗೆ ಚೆನ್ನಾಗಿ ಗೊತ್ತು. ಆದರೂ ಕೇಳುತ್ತಾರೆ. ಅಂದೂ ಕೇಳಿದರು. ನನಗೋ ಮೂಗಿನ ತುದಿಯಲ್ಲೇ ಕೋಪ.

"ಮನೆಯಲ್ಲಿ ನಾನಿರುವಾಗ ಅಂಗಡಿಯ ಬಿಸಲೆ ಯಾಕೆ? ನಾನೇ ಮಾಡ್ತೇನೆ," ಅಂದೆ.

ಅಜ್ಜಿ ಎದ್ದು ಗೋಡೆಯಲ್ಲಿದ್ದ ಅಜ್ಜನ ಫೋಟೋದ ಎದುರು ನಿಂತಳು. "ಕೇಳಿತಾ? ಈ ಸಲ ಆಟಿಯಲ್ಲಿ ನಿಮ್ಗೆ ಭವ್ಯ ಮಾಡಿದ ಬಿಸಲೆಯಲ್ಲೇ ಬಂಗುಡೆ." ಅಜ್ಜಿ ಮಾತಾಡುವುದು ತುಳುವಿನಲ್ಲೇ. ನಾನಿಲ್ಲಿ ಕನ್ನಡ ಮಾಡುತ್ತಿದ್ದೇನೆ, ಅರ್ಧ ಖಾರ ದಾರಿಯಲ್ಲೇ ಹೋಗಿದೆ.

ಸಿಕ್ಕಿಬಿದ್ದೆ. ಮಳೆಗಾಲದ ಆಟಿ ತಿಂಗಳು ಬಂದಾಗ, ತೀರಿಕೊಂಡವರನ್ನು ಮನೆಗೆ ಕರೆದು, ಅವರಿಗೆ ಇಷ್ಟವಾದದ್ದನ್ನು ಎಲೆಯಲ್ಲಿ ಬಡಿಸಿ, ಬಾಗಿಲು ಎಳೆದು ಸ್ವಲ್ಪ ಹೊತ್ತು ಹೊರಗೆ ಕೂರುವುದು ನಮ್ಮ ಕ್ರಮ. ಅಜ್ಜ ಹೋದದ್ದು ದೀಪಾವಳಿ ಕಳೆದ ಮೇಲೆ. ಇದು ಅವರ ಮೊದಲ ಆಟಿ. ಬದುಕಿರುವವರಿಗೆ ಕೊಟ್ಟ ಮಾತಾದರೆ ಫೋನ್ ಮಾಡಿ "ಆಗ್ಲಿಲ್ಲ, ಬೇಜಾರು ಮಾಡ್ಬೇಡಿ" ಎನ್ನಬಹುದು. ಅಜ್ಜನಿಗೆ ಎಲ್ಲಿಗೆ ಫೋನ್ ಮಾಡುವುದು? ಅವರಿಗೆ ಒಮ್ಮೆ ಹೇಳಿದ ಮೇಲೆ ಮಾರ್ಕೆಟ್ಟಿನ ಬಿಸಲೆ ಮನೆಯೊಳಗೆ ಬರುವ ಹಾಗಿಲ್ಲ. ಅಜ್ಜಿಯ ಲೆಕ್ಕದಲ್ಲಿ ನನ್ನ ಬಿಸಲೆ ಇಲ್ಲವೆಂದರೆ ಆ ಎಲೆಯಲ್ಲಿ ಬಂಗುಡೆಯೂ ಇಲ್ಲ.

ಬೇರೆ ಯಾರಿಗೆ ಕೊಟ್ಟ ಮಾತಾದರೂ ನಾನು ಇಷ್ಟು ಹೆದರುತ್ತಿರಲಿಲ್ಲವೇನೋ. ನಾನು ಆಫೀಸು ಬಿಟ್ಟಾಗ ಮನೆಯಲ್ಲಿ ಎಲ್ಲರೂ ಮುಖ ಊದಿಸಿಕೊಂಡಿದ್ದರು. "ಮಣ್ಣಲ್ಲಿ ಆಡ್ಲಿಕ್ಕೆ ಕಾಲೇಜು ಯಾಕೆ ಬೇಕಿತ್ತು?" ಎಂದು ಅಜ್ಜಿ ದಿನಾ ಕೇಳುತ್ತಿದ್ದಳು. ಅಜ್ಜ ಮಾತ್ರ ಏನೂ ಕೇಳಲಿಲ್ಲ. ನಾನು ಮೊದಲು ಮಾಡಿದ ಚಾ ಕಪ್ಪು ಒಂದು ಬದಿಗೆ ವಾಲಿತ್ತು, ಅಡಿಯಿಂದ ಸಣ್ಣಗೆ ಜಿನುಗುತ್ತಿತ್ತು. ಅಜ್ಜ ಅದರ ಕೆಳಗೆ ಒಂದು ಬಸಿ ಇಟ್ಟುಕೊಂಡು, ಬೆಳಿಗ್ಗೆ ಸಂಜೆ ಅದರಲ್ಲೇ ಚಾ ಕುಡಿದರು. ಬಸಿಗೆ ಇಳಿದದ್ದನ್ನು ಕೊನೆಗೆ ಎತ್ತಿ ಕುಡಿಯುತ್ತಿದ್ದರು. ಆಮೇಲೆ ನಾನು ಎಷ್ಟೋ ಒಳ್ಳೆಯ ಕಪ್ಪುಗಳನ್ನು ತಂದುಕೊಟ್ಟೆ. "ಅದೆಲ್ಲ ನೆಂಟರಿಗೆ ಇರಲಿ," ಅನ್ನುತ್ತಿದ್ದರು.

ನಮ್ಮ ಮನೆ ನಂತೂರಿನಲ್ಲಿ, ಹೈವೇಯಿಂದ ಒಳಗೆ. ಲಾರಿಗಳ ಹಾರ್ನಿಗೆ ನಮಗೆಲ್ಲ ಗಟ್ಟಿಯಾಗಿ ಮಾತಾಡಿ ಅಭ್ಯಾಸ. ಅಪ್ಪ ಶಾರ್ಜಾದಿಂದ ಬಂದ ಮೇಲೆ ಅಲ್ಲೇ ರಸ್ತೆ ಬದಿಯಲ್ಲಿ ಬ್ಯಾಟರಿ ಅಂಗಡಿ ಹಾಕಿದ್ದಾರೆ. ನಾನು ಕೆಲಸ ಮಾಡುವುದು ಕದ್ರಿಯಲ್ಲಿ, ಆಶಾಲತಾ ಶೆಟ್ಟಿಯವರ ಹಳೆಯ ಮನೆಯ ಕಾರ್ ಶೆಡ್ಡಿನಲ್ಲಿ. ಕಾರು ಈಗ ಹೊರಗೆ ಮಳೆಯಲ್ಲಿ ನೆನೆಯುತ್ತದೆ; ಒಳಗೆ ಮೂರು ಚಕ್ರ, ಗೋಡೆ ತುಂಬ ಶೆಲ್ಫು, ಮೂಲೆಯಲ್ಲಿ ಮಣ್ಣಿನ ಪಾತ್ರೆ ಸುಡುವ ಕರೆಂಟಿನ ಕಿಲ್ನ್. ಪುಸ್ತಕದ ಕನ್ನಡದಲ್ಲಿ ಅದನ್ನು ಆವಿಗೆ ಎನ್ನಬೇಕು. ನಾವು ಯಾರೂ ಹಾಗೆ ಅನ್ನುವುದಿಲ್ಲ.

ನಾವು ಎಂದರೆ ನಾಲ್ಕು ಜನ. ಆಶಕ್ಕ ನಮಗೆ ಯಜಮಾನಿಯೂ ಹೌದು, ಗುರುವೂ ಹೌದು. ಮಾತು ಕಡಿಮೆ, ಹೇಳಿದ ಮೇಲೆ ಬದಲಿಲ್ಲ. ಸಾಜಿದಾ ಬಂದರಿನವಳು, ನನಗಿಂತ ಸ್ವಲ್ಪ ದೊಡ್ಡವಳು. ಅವಳ ಕಪ್ಪುಗಳ ಹಸಿರು ಬಣ್ಣ ನೋಡಿದರೆ ನನಗೆ ಹೊಟ್ಟೆಕಿಚ್ಚಾಗುತ್ತದೆ. ಇನ್ನು ಇಸಿದೋರ್ ಅಂಕಲ್. ಹಂಚಿನ ಕಾರ್ಖಾನೆಯ ಆಫೀಸಿನಲ್ಲಿದ್ದು ರಿಟೈರ್ ಆದವರು. ಅವರು ವರ್ಷವಿಡೀ ಮಾಡುವುದು ಕ್ರಿಸ್‌ಮಸ್ಸಿಗೆ ಇಡುವ ಗೋದಲಿಯ ಗೊಂಬೆಗಳನ್ನು. ಆಟಿಯಲ್ಲೇ ಶುರು ಮಾಡದಿದ್ದರೆ ಡಿಸೆಂಬರಿಗೆ ಬಾಲಯೇಸು ಒಣಗುವುದಿಲ್ಲ ಎಂದು ಅವರ ವಾದ. ಅವರ ಕುರಿಗಳ ಮುಖ ಯಾಕೋ ನಾಯಿಯ ಹಾಗಿರುತ್ತದೆ. ನಾನು ಹೇಳಿದ್ದೇನೆ. "ನಮ್ಮ ಬದಿಯಲ್ಲಿ ಕುರಿ ಎಲ್ಲುಂಟು ನೋಡ್ಲಿಕ್ಕೆ, ಮಾರಾಯ್ತಿ?" ಅಂದರು.

ಆಶಕ್ಕನ ಶೆಡ್ಡಿನಲ್ಲಿ ಒಂದು ನಿಯಮ: ಕಿಲ್ನ್ ತುಂಬದೆ ಉರಿಸಬಾರದು. ಅರ್ಧ ಖಾಲಿ ಇದ್ದರೂ ಕರೆಂಟು ಅಷ್ಟೇ ತಿನ್ನುತ್ತದೆ ಎಂಬುದು ಒಂದು. ಅದಕ್ಕಿಂತ ದೊಡ್ಡ ಕಾರಣವನ್ನು ಅವರು ನಾನು ಸೇರಿದ ದಿನವೇ ಹೇಳಿದ್ದರು. "ಅವರವರಿಗೆ ಬೇಕಾದಾಗ ಉರಿಸಿದ್ರೆ ಅದು ಅವರವರ ಕಿಲ್ನ್ ಆಗ್ತದೆ. ತುಂಬಿಸಿ ಉರಿಸಿದ್ರೆ ಎಲ್ಲರದ್ದು." ಬೇಸಿಗೆಯಲ್ಲಿ ಈ ನಿಯಮದಿಂದ ಯಾರಿಗೂ ತೊಂದರೆಯಿಲ್ಲ, ವಾರ ವಾರ ತುಂಬುತ್ತದೆ. ಮಳೆಗಾಲದಲ್ಲಿ ಮಾಡಿದ್ದು ಒಣಗುವುದೇ ಇಲ್ಲ, ಹಾಗಾಗಿ ತುಂಬುವುದೂ ಇಲ್ಲ.

ನಾನು ಮೊದಲು ಮಾಡಿದ ಬಿಸಲೆ ನೋಡಲು ಬಹಳ ಚಂದವಿತ್ತು. ನಾವು ಕಪ್ಪು-ಬಸಿಗಳಿಗೆ ಬಳಸುವ ನಯವಾದ ಮಣ್ಣು, ಒಳಗೆ ಕಂದು ಬಣ್ಣದ ಹೊಳಪು, ಕಿಲ್ನ್ ತಡೆಯುವಷ್ಟು ಜೋರು ಶಾಖದಲ್ಲಿ ಬೆಂದದ್ದು. ಬೆರಳಲ್ಲಿ ತಟ್ಟಿದರೆ ಗಂಟೆಯ ನಾದ. ಹೆಮ್ಮೆಯಿಂದ ಮನೆಗೆ ತಂದೆ. ಅಜ್ಜಿ ಮಸಾಲೆ ಹಾಕಿ ಗ್ಯಾಸಿನ ಮೇಲಿಟ್ಟಳು. ಕುದಿ ಬರುವ ಮೊದಲೇ ಟಕ್ ಎಂದಿತು. ಪುಳಿಮುಂಚಿಯೆಲ್ಲ ಬರ್ನರಿನೊಳಗೆ ಇಳಿಯಿತು. ಸ್ಟವ್ ರಿಪೇರಿಯವನು ಬಂದು ಬಿಚ್ಚಿದಾಗ ಒಳಗೆ ಒಂದು ಬಂಗುಡೆಯ ತಲೆ ಸಿಕ್ಕಿತು.

"ಚಂದ ಉಂಟು ನಿನ್ನ ಬಿಸಲೆ," ಅಂದಳು ಅಜ್ಜಿ ಹೋಳುಗಳನ್ನು ನೋಡುತ್ತ. "ಶೋಕೇಸಿನಲ್ಲಿ ಇಡ್ಬಹುದಿತ್ತು."

ಎರಡು ದಿನ ಸಿಟ್ಟು ಇಳಿಯಲಿಲ್ಲ. ಆಮೇಲೆ ಕೂತು ಯೋಚಿಸಿದೆ. ನಾನು ಕಲಿತದ್ದೆಲ್ಲ ಮಣ್ಣನ್ನು ಗಾಜಿನ ಹಾಗೆ ಗಟ್ಟಿ ಮಾಡುವುದು. ಗಾಜಿನಷ್ಟು ಗಟ್ಟಿಯಾದದ್ದು ಬೆಂಕಿಯ ಮೇಲೆ ಗಾಜಿನ ಹಾಗೆಯೇ ಸೀಳುತ್ತದೆ. ಬಿಸಲೆಗೆ ಬೇಕಾದದ್ದು ಕಡಿಮೆ ಶಾಖದಲ್ಲಿ ಬೇಯುವುದು, ಒಳಗೆ ಸ್ವಲ್ಪ ಹರಳು ಹರಳಾಗಿರುವ ಮಣ್ಣು. ಬೆಂದ ಮಣ್ಣಿನ ಪುಡಿ ಬೆರೆಸಿದರೆ ಶಾಖಕ್ಕೆ ಹಿಗ್ಗಲು ಕುಗ್ಗಲು ಎಡೆಯಿರುತ್ತದೆ. ಇದನ್ನು ಶೆಡ್ಡಿನಲ್ಲಿ ಹೇಳಿದ್ದೇ ತಡ, ಇಸಿದೋರ್ ಅಂಕಲ್ ಮರುದಿನ ಸ್ಕೂಟರಿನಲ್ಲಿ ಒಂದು ಗೋಣಿ ಒಡೆದ ಹಂಚು ತಂದಿಳಿಸಿದರು. ಅವರ ಮನೆಯ ಮಾಡಿನದ್ದು. ತಾರಸಿ ಹಾಕಿಸುವಾಗ ಇಳಿಸಿದ್ದನ್ನು ಬಿಸಾಡಲು ಮನಸ್ಸಾಗದೆ ಇಟ್ಟಿದ್ದರಂತೆ. ಸಾಜಿದಾ ತಾಯಿಯ ಮನೆಯಿಂದ ಕಬ್ಬಿಣದ ಕುಟ್ಟಾಣಿ ತಂದಳು. ನಾವಿಬ್ಬರು ಸರದಿಯಲ್ಲಿ ಕುಟ್ಟಿದೆವು. ಕೂದಲು, ರೆಪ್ಪೆ, ಸಾಜಿದಾಳ ಶಾಲು ಎಲ್ಲ ಕೆಂಪು.

"ನಿನ್ನ ಅಜ್ಜನಿಗೆ ಹೇಳು," ಅಂದಳು ಅವಳು ಕೈಯ ಬೊಬ್ಬೆ ನೋಡಿಕೊಳ್ಳುತ್ತ, "ಬಂಗುಡೆಯಲ್ಲಿ ಒಂದು ತುಂಡು ನನಗೂ ಬಿಡ್ಲಿಕ್ಕೆ."

ಆ ಮಣ್ಣಿನಲ್ಲಿ ಮಾಡಿದ ಬಿಸಲೆಯನ್ನು ಬೇಗ ಒಣಗಲೆಂದು ನಾನು ಫ್ಯಾನಿನ ಎದುರಿಟ್ಟೆ. ಒಂದು ಬದಿ ಒಣಗಿತು, ಇನ್ನೊಂದು ಬದಿ ಹಸಿಯಾಗಿಯೇ ಉಳಿದು, ಬಾಯಿಯಿಂದ ಅಡಿಯವರೆಗೆ ಸೀಳು ಬಿಟ್ಟಿತು. ನೆಲಕ್ಕೆ ಕುಕ್ಕಿ ನಾನೇ ಪುಡಿ ಮಾಡಿದೆ. ಆಶಕ್ಕ ಗುಡಿಸುವ ಹಿಡಿಸೂಡಿಯನ್ನು ತಂದು ನನ್ನ ಕೈಗೆ ಕೊಟ್ಟು ಹೋದರು.

ಇನ್ನೊಂದನ್ನು ಮಾಡುವಾಗ ಅವಸರ ಮಾಡಲಿಲ್ಲ. ಪೇಪರಿನಲ್ಲಿ ಸುತ್ತಿ, ದಿನಾ ಬೆಳಿಗ್ಗೆ ಒದ್ದೆ ಪೇಪರು ತೆಗೆದು ಒಣಗಿದ್ದು ಸುತ್ತಿ, ಮಗುಚಿ, ಕೆನ್ನೆಗೆ ಒತ್ತಿ ನೋಡುತ್ತಿದ್ದೆ. ತಣ್ಣಗಿದ್ದರೆ ಒಳಗೆ ಇನ್ನೂ ನೀರಿದೆ ಎಂದರ್ಥ. ಹೊರಗೆ ಮಳೆ ಬಿಡುತ್ತಲೇ ಇರಲಿಲ್ಲ. ಕದ್ರಿಯ ಇಳಿಜಾರಿನಲ್ಲಿ ಕೆಂಪು ನೀರು ಹರಿದು ಶೆಡ್ಡಿನ ಹೊಸ್ತಿಲಿಗೆ ಬರುತ್ತಿತ್ತು. ಮನೆಯಲ್ಲಿ ಅಪ್ಪ ಆಟಿಯ ಬಡಿಸುವುದಕ್ಕೆ ಭಾನುವಾರ ನಿಶ್ಚಯ ಮಾಡಿದರು. ಅದರ ಹಿಂದಿನ ಮಂಗಳವಾರ ಬಿಸಲೆಯನ್ನು ಕೆನ್ನೆಗೆ ಒತ್ತಿದಾಗ ತಣ್ಣಗಿರಲಿಲ್ಲ.

ಸಂತೋಷದಲ್ಲಿ ಕಿಲ್ನಿನ ಮುಚ್ಚಳ ತೆರೆದೆ. ಒಳಗೆ ಸಾಜಿದಾಳ ನಾಲ್ಕೈದು ಕಪ್ಪು. ಬೇರೇನೂ ಇಲ್ಲ.

"ಆಶಕ್ಕ, ನಾಳೆ ಉರಿಸುವಾ," ಅಂದೆ. "ಉರಿಸಿ, ತಣಿದು, ತೆಗಿಲಿಕ್ಕೆ ಶುಕ್ರವಾರ ಆಗ್ತದೆ. ಆಮೇಲೆ ಅಜ್ಜಿಗೆ ಅದನ್ನು ಪಳಗಿಸ್ಲಿಕ್ಕೆ ಒಂದು ದಿನವಾದ್ರೂ ಬೇಕಲ್ಲ?"

ಆಶಕ್ಕ ಕಿಲ್ನಿನೊಳಗೆ ನೋಡಿದರು. "ತುಂಬಲಿಲ್ಲ."

"ಗೊತ್ತುಂಟು. ಇದೊಂದು ಸಲ."

"ಎಲ್ಲರಿಗೂ ಒಂದೊಂದು ಸಲ ಇರ್ತದೆ, ಭವ್ಯ. ಕಳೆದ ವರ್ಷ ಸಾಜಿದಾಳ ಆರ್ಡರ್ ಇದ್ದಾಗಲೂ ನಾನು ಉರಿಸ್ಲಿಲ್ಲ."

ನನಗೆ ತಲೆ ಕೆಟ್ಟಿತು. ಏನೇನು ಹೇಳಿದೆನೋ ಈಗ ಪೂರ್ತಿ ನೆನಪಿಲ್ಲ. ಸತ್ತವರಿಗಿಂತ ನಿಮಗೆ ನಿಯಮ ಹೆಚ್ಚಾ ಎಂದು ಕೇಳಿದ್ದು ನೆನಪಿದೆ. ನಾಳೆ ಬಂದು ಬಿಸಲೆ ತೆಗೆದುಕೊಂಡು ಹೋಗುತ್ತೇನೆ, ಹಿತ್ತಿಲಿನಲ್ಲಿ ತೆಂಗಿನ ಸಿಪ್ಪೆ ರಾಶಿ ಹಾಕಿ ಸುಡುತ್ತೇನೆ ಎಂದೂ ಹೇಳಿದೆ. ಆ ಮಳೆಯಲ್ಲಿ! ಇಸಿದೋರ್ ಅಂಕಲ್ ತಲೆ ತಗ್ಗಿಸಿ ಒಂದು ಕುರಿಯ ಕಿವಿಯನ್ನು ತಿದ್ದುತ್ತಲೇ ಇದ್ದರು.  ನಾನು ಕೊಡೆಯನ್ನೂ ಮರೆತು ಹೊರಟು, ತೊಪ್ಪೆಯಾಗಿ ಮನೆ ಸೇರಿದೆ.

ಅಜ್ಜಿ ಜಗಲಿಯಲ್ಲಿ ಕೂತಿದ್ದಳು. "ಒಣಗಿತಾ?" ಎಂದಳು.  ಆ ಒಂದು ಮಾತಿನಲ್ಲಿ ಅವಳು ಅದನ್ನು ಎಷ್ಟು ಕಾಯುತ್ತಿದ್ದಾಳೆಂದು ನನಗೆ ಗೊತ್ತಾಯಿತು. ತಮಾಷೆ ಮಾಡುತ್ತಿದ್ದದ್ದೆಲ್ಲ ಮೇಲಿನಿಂದ. "ಒಣಗಿತು ಅಜ್ಜಿ," ಎಂದಷ್ಟೇ ಹೇಳಿ ಒಳಗೆ ಹೋದೆ. ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ.

ಬೆಳಿಗ್ಗೆ ಒಂದು ರಟ್ಟಿನ ಪೆಟ್ಟಿಗೆ ಹಿಡಿದುಕೊಂಡು ಕದ್ರಿಗೆ ಹೋದೆ. ಬಿಸಲೆಯನ್ನು ಅದರಲ್ಲಿಟ್ಟು, ಯಾರ ಮುಖವನ್ನೂ ನೋಡದೆ ಹೊರಟು ಬರುವುದೆಂದು ನಿಶ್ಚಯಿಸಿಕೊಂಡಿದ್ದೆ. ಶೆಡ್ಡಿನ ಬಾಗಿಲು ಆಗಲೇ ತೆರೆದಿತ್ತು. ಮೂವರೂ ಒಳಗಿದ್ದರು, ಮೂವರೂ ಕಿಲ್ನಿನೊಳಗೆ ಬಗ್ಗಿದ್ದರು.

"ಕುರಿಯನ್ನು ಸ್ವಲ್ಪ ಆಚೆ ದೂಡಿ ಅಂಕಲ್, ಇಲ್ಲಿ ಇನ್ನೊಂದು ಹಿಡೀತದೆ," ಎನ್ನುತ್ತಿದ್ದಳು ಸಾಜಿದಾ.

ಹತ್ತಿರ ಹೋಗಿ ನೋಡಿದೆ. ಕಿಲ್ನಿನ ಕೆಳಗಿನ ಹಲಗೆಯ ಮೇಲೆ ಇಸಿದೋರ್ ಅಂಕಲಿನ ಇಡೀ ಕುರಿ ಹಿಂಡು, ಹಳೆಯ ವರ್ಷಗಳದ್ದೂ ಸೇರಿ: ಕಾಲು ಗಿಡ್ಡವಾದದ್ದು, ಎರಡು ಮೂಗಿರುವಂಥದ್ದು, ಒಂಟೆಯಾಗಲು ಹೊರಟು ಕತ್ತೆಯಾಗಿ ನಿಂತದ್ದು. ಮೇಲೆ ಸಾಜಿದಾ ಚೆನ್ನಾಗಿಲ್ಲವೆಂದು ಸುಡದೆ ಬಿಟ್ಟ ಕಪ್ಪುಗಳು, ಕಪ್ಪಿಲ್ಲದ ಹಿಡಿಗಳು, ಬೇಸಿಗೆ ಶಿಬಿರದ ಮಕ್ಕಳು ಬಿಟ್ಟುಹೋದ ಆನೆ, ಬಸ್ಸು, ಗಣಪತಿ. ಯಾವ ಕಾಲಕ್ಕೂ ಯಾರೂ ಸುಡುವ ಯೋಚನೆಯಿಲ್ಲದೆ ಶೆಲ್ಫುಗಳ ಮೇಲೆ ಧೂಳು ತಿನ್ನುತ್ತಿದ್ದದ್ದೆಲ್ಲ ಅಲ್ಲಿತ್ತು. ನಡುವೆ ದುಂಡಗೆ ಒಂದು ಜಾಗ ಖಾಲಿ ಬಿಟ್ಟಿದ್ದರು. ಬಿಸಲೆಯ ಅಳತೆಯ ಜಾಗ.

ಆದರೂ ಮೇಲಿನ ಭಾಗ ತುಂಬಿರಲಿಲ್ಲ. ಆಶಕ್ಕ ಸೊಂಟಕ್ಕೆ ಕೈಯಿಟ್ಟು ಅದನ್ನೇ ನೋಡುತ್ತಿದ್ದರು. ಆಮೇಲೆ ಹೋಗಿ, ಅವರ ಸ್ವಂತ ಶೆಲ್ಫಿನ ಮೇಲಿದ್ದ ಬಟ್ಟೆಯ ಮುಸುಕು ತೆಗೆದರು. ಅದರೊಳಗೆ ಏನಿದೆ ಎಂದು ನಮಗೆ ಮೂವರಿಗೂ ಗೊತ್ತಿತ್ತು. ಆಶಕ್ಕ ವರ್ಷಗಳ ಹಿಂದೆ ಕೈಯಲ್ಲೇ ಕಟ್ಟಿದ ದೊಡ್ಡ ಭರಣಿ. ಮೈಯೆಲ್ಲ ಮೀನಿನ ಹುರುಪೆಯ ಹಾಗೆ ಬೆರಳಿನ ಒತ್ತು. ಅಷ್ಟು ಚಂದದ್ದನ್ನು ನಾನು ಬೇರೆಲ್ಲೂ ನೋಡಿಲ್ಲ. ಕಿಲ್ನಿನಲ್ಲಿ ಏನಾದರೂ ಆದರೆ ಎಂಬ ಹೆದರಿಕೆಗೆ ಅವರು ಅದನ್ನು ಸುಡದೇ ಇಟ್ಟಿದ್ದರು. ಕೇಳಿದವರಿಗೆಲ್ಲ "ಮುಂದಿನ ಸಲ" ಎನ್ನುತ್ತಿದ್ದರು.

"ಆಶಕ್ಕ, ಅದು ಬೇಡ," ಅಂದೆ. 

"ಜಾಗ ತುಂಬಬೇಕಲ್ಲ," ಅಂದರು ಅವರು. "ಒಂದು ಬದಿ ನೀನು ಹಿಡಿ. ಅಡಿಗೆ ಕೈ ಕೊಡು."

ಮೊದಲು ಬಿಸಲೆಯನ್ನು ಅದರ ಜಾಗದಲ್ಲಿಟ್ಟೆ. ಆಮೇಲೆ ನಾವಿಬ್ಬರು ಭರಣಿಯನ್ನು ಎತ್ತಿ ಮೇಲಿಟ್ಟೆವು. ಆಶಕ್ಕ ಬಗ್ಗಿ ಮೇಲಿನಿಂದ ಕೆಳಗಿನವರೆಗೆ ನೋಡಿ, "ಈಗ ತುಂಬಿತು," ಎಂದು ಮುಚ್ಚಳ ಹಾಕಿ ಸ್ವಿಚ್ ಒತ್ತಿದರು. ನಾನು ತಂದಿದ್ದ ರಟ್ಟಿನ ಪೆಟ್ಟಿಗೆಯನ್ನು ಸಾಜಿದಾ ನೋಡಿದಳು. "ಎಂತ, ನಮಗೆ ತಿಂಡಿ ತಂದದ್ದಾ?" ಎಂದು ಕೇಳಿದಳು. ನನಗೆ ನಗು ಅಳು ಎರಡೂ ಒಟ್ಟಿಗೆ ಬಂದವು. ಇಸಿದೋರ್ ಅಂಕಲ್ ಓಡಿಹೋಗಿ ಬೇಕರಿಯಿಂದ ಬನ್ಸ್ ತಂದರು.

ಶುಕ್ರವಾರ ಮುಚ್ಚಳ ತೆರೆದು ಒಂದೊಂದೇ ತೆಗೆದದ್ದು ಇಸಿದೋರ್ ಅಂಕಲ್. ಮೊದಲು ಬಂದದ್ದು ಭರಣಿ. ಅದರ ಅಡಿಯಿಂದ ಹೊಟ್ಟೆಯವರೆಗೆ ಬೆರಳು ಹೋಗುವಷ್ಟು ಸೀಳು.  ಆಶಕ್ಕ ಅದರ ಮೇಲೆ ಒಮ್ಮೆ ಕೈ ಆಡಿಸಿದರು. "ಅಡಿ ದಪ್ಪ ಆಗಿತ್ತು," ಅಂದರು. "ನನಗೆ ಆಗ್ಲೇ ಸಂಶಯ ಇತ್ತು. ಇನ್ನು ಬೇರೆ ಮಾಡ್ಬಹುದು. ಬಿಸಲೆ ನೋಡಿ."

ಬಿಸಲೆ ಸರಿಯಾಗಿತ್ತು. ಕೆಂಪಗೆ, ಹೊಸ ಹಂಚಿನ ಬಣ್ಣ. ತಟ್ಟಿದಾಗ ಗಂಟೆಯ ನಾದವಿಲ್ಲ. ಬಾಗಿಲು ಬಡಿದ ಹಾಗೆ ಮಂದವಾದ ಸದ್ದು. ನನಗೆ ಬೇಕಾಗಿದ್ದದ್ದು ಅದೇ. ಆದರೆ ನಾನು ಆಶಕ್ಕನ ಮುಖ ನೋಡಲಾರದೆ ನಿಂತಿದ್ದೆ. ಅವರೇ ನನ್ನ ಬೆನ್ನಿಗೆ ಒಂದು ಹುಸಿ ಪೆಟ್ಟು ಕೊಟ್ಟರು. "ಹೋಗು, ಅಜ್ಜಿ ಕಾಯ್ತಾ ಇರ್ತಾರೆ. ಕೊಡೆ ತಕೊಂಡು ಹೋಗು."

ಅಜ್ಜಿ ಎರಡು ದಿನ ಅದರಲ್ಲಿ ಗಂಜಿಯ ತೆಳಿ ಕುದಿಸಿದಳು. ಹೊಸ ಮಣ್ಣಿನ ಸಣ್ಣ ಸಣ್ಣ ತೂತುಗಳೆಲ್ಲ ಅದರಿಂದ ಮುಚ್ಚುತ್ತವೆ. ಕುದಿ ಬರುವವರೆಗೆ ನಾನು ಅಡುಗೆಮನೆಯ ಬಾಗಿಲಿನಲ್ಲೇ ನಿಂತೆ. ತೆಳಿ ಕುದಿಯಿತು, ಉಕ್ಕಿತು, ಬಿಸಲೆ ಸುಮ್ಮನೆ ಕೂತಿತ್ತು.

ಬೋಟುಗಳಿಗೆಲ್ಲ ಮಳೆಗಾಲದ ರಜೆ. ಭಾನುವಾರ ಅಪ್ಪ ಬೆಳಕು ಹರಿಯುವ ಮೊದಲೇ ಹೋಗಿ ನಾಡದೋಣಿಯ ತಾಜಾ ಬಂಗುಡೆ ಹುಡುಕಿ ತಂದರು. ಅಜ್ಜಿ ಮಸಾಲೆ ಅರೆದು ಪುಳಿಮುಂಚಿ ಮಾಡಿದಳು. ಒಳಕೋಣೆಯಲ್ಲಿ ದೀಪ ಇಟ್ಟು, ಎಲೆ ಹಾಕಿ, ಕುಚ್ಚಲಕ್ಕಿ ಅನ್ನ, ಕೋಳಿ, ಬಂಗುಡೆ ಎಲ್ಲ ಬಡಿಸಿದೆವು. ಪಕ್ಕದಲ್ಲಿ ಸೇಂದಿ ಇಡಬೇಕು. ಅಜ್ಜಿ ಒಳಗಿನಿಂದ ಆ ವಾಲಿದ ಕಪ್ಪನ್ನು ತಂದಳು, ಅದರ ಬಸಿಯ ಸಮೇತ. ಅವಳು ಅದನ್ನು ತೆಗೆದಿಟ್ಟಿದ್ದಾಳೆಂದು ನನಗೆ ಗೊತ್ತೇ ಇರಲಿಲ್ಲ. ಸೇಂದಿ ಹೊಯ್ದು ಬಾಗಿಲು ಎಳೆದಳು.

ಎಲ್ಲರೂ ಜಗಲಿಯಲ್ಲಿ ಕೂತೆವು. ಹೈವೇಯಲ್ಲಿ ಲಾರಿಗಳು ಹೋಗುತ್ತಿದ್ದವು. ನಾನು ಕಣ್ಣು ಮುಚ್ಚಿಕೊಂಡು, ಅಜ್ಜ, ಲಾಯಿಕ್ ಆಗಿದೆ ಅಂತ ಸುಮ್ಮನೆ ಹೇಳಬೇಡಿ, ಸರಿಯಾಗಿ ಉಣ್ಣಿ, ಎಂದುಕೊಂಡೆ. ಸ್ವಲ್ಪ ಹೊತ್ತಿನ ಮೇಲೆ ಅಪ್ಪ ಕೆಮ್ಮಿ ಸದ್ದು ಮಾಡಿ ಬಾಗಿಲು ತೆರೆದರು. ಕಪ್ಪಿನಿಂದ ಬಸಿಗೆ ಸೇಂದಿ ಜಿನುಗಿತ್ತು. ಅಜ್ಜಿ ಬಸಿ ನೋಡಿ ತಲೆಯಾಡಿಸಿದಳು.

ಊಟಕ್ಕೆ ಕೂತಾಗ ಮೋಹನದಾಸ್ ಚಿಕ್ಕಪ್ಪ ಎರಡನೇ ಸಲ ಪುಳಿಮುಂಚಿ ಹಾಕಿಸಿಕೊಂಡರು. ಬಾಯಿ ಚಪ್ಪರಿಸುತ್ತ ನನ್ನ ಕಡೆ ತಿರುಗಿದರು. "ಮತ್ತೆ, ಭವ್ಯ ಈಗ ಎಂತ ಮಾಡುವುದು?"

ನಾನು ಬಾಯಿ ತೆರೆಯುವ ಮೊದಲೇ ಅಜ್ಜಿ ಸೌಟನ್ನು ಬಿಸಲೆಯ ಅಂಚಿಗೆ ತಟ್ಟಿದಳು. "ಇದು ಮಾಡುವುದು. ನೀನು ಎರಡೆರಡು ಸಲ ಹಾಕಿಸಿಕೊಂಡದ್ದು ಎಲ್ಲಿಂದ ಅಂತ ತಿಳಿದದ್ದು?"

ಚಿಕ್ಕಪ್ಪ ಆಮೇಲೆ ಮೀನಿನ ಮುಳ್ಳು ಬಿಡಿಸುವುದರಲ್ಲೇ ಮಗ್ನರಾದರು. ನಾನು ಎಲೆಯಿಂದ ತಲೆ ಎತ್ತಲಿಲ್ಲ; ಕಣ್ಣಲ್ಲಿ ನೀರು ತುಂಬಿತ್ತು, ಖಾರಕ್ಕೆ ಎನ್ನಬಹುದಿತ್ತು.

ರಾತ್ರಿ ಮಲಗುವ ಮೊದಲು ಅಜ್ಜಿಗೆ ಎಲ್ಲ ಹೇಳಿದೆ: ನಿಯಮ, ನನ್ನ ಕೂಗಾಟ, ಸಾಜಿದಾ ಕೇಳಿದ ಬಂಗುಡೆ ತುಂಡು, ಕುರಿಗಳು, ಭರಣಿ.  "ಆ ಶೆಟ್ಟಿ ಅಮ್ಮನ ಭರಣಿ ಒಡೆಯಿತಾ?" ಎಂದು ಎರಡು ಸಲ ಕೇಳಿದಳು.

ಮರುದಿನ ಮಧ್ಯಾಹ್ನ ಶೆಡ್ಡಿನ ಎದುರು ಒಂದು ರಿಕ್ಷಾ ನಿಂತಿತು. ಅಜ್ಜಿ ಇಳಿದಳು. ಸೊಂಟದ ಮೇಲೆ ಬಟ್ಟೆ ಸುತ್ತಿದ ಬಿಸಲೆ, ಕೈಯಲ್ಲಿ ಅನ್ನದ ಬುತ್ತಿ. ನಾನು ಇಲ್ಲಿ ಸೇರಿದ ಮೇಲೆ ಅವಳು ಬಂದದ್ದು ಅದೇ ಮೊದಲು. ನೇರ ಸಾಜಿದಾಳ ಹತ್ತಿರ ಹೋಗಿ ಬಿಸಲೆ ಇಳಿಸಿದಳು. "ಇದು ನಿನ್ನೆ ಬಡಿಸಿದ್ದಲ್ಲ ಮಗಾ. ಬೆಳಿಗ್ಗೆ ಹೊಸ ಮೀನು ತರಿಸಿ ಬೇರೆಯೇ ಮಾಡಿದ್ದು. ನೀನು ಧೈರ್ಯದಲ್ಲಿ ಉಣ್ಣು." ಸತ್ತವರಿಗೆ ಬಡಿಸಿದ್ದನ್ನು ಸಾಜಿದಾಳ ಧರ್ಮದಲ್ಲಿ ಉಣ್ಣುವ ಹಾಗಿಲ್ಲ ಎಂಬ ಯೋಚನೆಯೇ ನನಗೆ ಬಂದಿರಲಿಲ್ಲ. ಸಾಜಿದಾ ಅಜ್ಜಿಯ ಕೈ ಹಿಡಿದುಕೊಂಡಳು, ಬೇಗ ಬಿಡಲಿಲ್ಲ.

ಆಮೇಲೆ ಅಜ್ಜಿ ಆಶಕ್ಕನ ಎದುರು ಬಂದಳು. ಸೀಳಿದ ಭರಣಿ ಬಾಗಿಲ ಬಳಿ ಇತ್ತು, ಅದರಲ್ಲಿ ಆಗಲೇ ಕರಿಬೇವಿನ ಗಿಡ ನೆಟ್ಟಿದ್ದರು. ಅಜ್ಜಿ ಅದನ್ನು ನೋಡಿದಳು. "ಇದಕ್ಕೆ ನಾನು ಎಂತ ಕೊಡ್ಲಿ ಅಮ್ಮಾ?" ಅಂದಳು.

"ಎಂತದೂ ಬೇಡ ಅಪ್ಪಿಯಮ್ಮ. ಊಟ ಬಡಿಸಿ, ಹಸಿವಾಗ್ತದೆ," ಅಂದರು ಆಶಕ್ಕ.

ಉಂಡೆವು. ಇಸಿದೋರ್ ಅಂಕಲ್ ಬಿಸಲೆಯ ತಳವನ್ನು ಅನ್ನದಲ್ಲಿ ಒರೆಸಿ ತಿಂದರು. ಕೈ ತೊಳೆದ ಮೇಲೆ ಅಜ್ಜಿ ಶೆಡ್ಡೆಲ್ಲ ತಿರುಗಿ ನೋಡಿ, ಕಿಲ್ನಿನ ಮುಚ್ಚಳ ಎತ್ತಿಸಿ ಒಳಗೆ ಬಗ್ಗಿದಳು.

"ಖಾಲಿ ಉಂಟಲ್ಲ. ಪುನಃ ಯಾವಾಗ ಉರಿಸುವುದು?"

"ತುಂಬಿದಾಗ ಅಜ್ಜಿ," ಅಂದೆ.

"ಹಾಗಾದ್ರೆ ನನಗೆ ಒಂದು ಮುದ್ದೆ ಮಣ್ಣು ಕೊಡು."

ಕೊಟ್ಟೆ. ಅವಳು ಸ್ಟೂಲಿನ ಮೇಲೆ ಕೂತು, ಸೆರಗು ಸಿಕ್ಕಿಸಿ, ಮಣ್ಣನ್ನು ಹಿಟ್ಟಿನ ಹಾಗೆ ನಾದಿದಳು. ಆಮೇಲೆ ಒಂದೊಂದೇ ಉಂಡೆ ಮಾಡಿ, ನಡುವೆ ಹೆಬ್ಬೆರಳು ಒತ್ತಿ ಸಾಲಾಗಿ ಇಡತೊಡಗಿದಳು. ಪುಂಡಿ! ಮನೆಯಲ್ಲಿ ಬೆಳಿಗ್ಗೆಯ ತಿಂಡಿಗೆ ಅಕ್ಕಿಯದ್ದು ಮಾಡುವ ಹಾಗೆಯೇ, ಒಂದಕ್ಕಿಂತ ಒಂದು ಹೆಚ್ಚು ಕಡಿಮೆಯಿಲ್ಲ. ಗಟ್ಟಿ ಉಂಡೆಗಳು ಕಿಲ್ನಿನಲ್ಲಿ ಸಿಡಿಯುತ್ತವೆ. ಆಶಕ್ಕ ಅಂಥದ್ದನ್ನು ಹತ್ತಿರವೂ ಬಿಡುವವರಲ್ಲ. ಅಂದು ಅವರು ಒಂದು ಸೂಜಿ ತೆಗೆದುಕೊಂಡು ಅಜ್ಜಿಯ ಪಕ್ಕದಲ್ಲಿ ಕೂತು, ಪ್ರತಿಯೊಂದು ಪುಂಡಿಯ ಅಡಿಗೂ ಹಬೆ ಹೋಗಲು ತೂತು ಮಾಡುತ್ತ ಹೋದರು.

"ಇದನ್ನು ಒಣಗಿಸಿ ಇಡಿ," ಅಂದಳು ಅಜ್ಜಿ. "ಇನ್ನು ಯಾರಿಗಾದರೂ ಅವಸರ ಬಂದಾಗ ಜಾಗ ಉಳಿದ್ರೆ ತುಂಬ್ಸಿ."

ಅವು ಶೆಲ್ಫಿನ ಮೇಲೆ ಕೂತವು. ಆಟಿ ಕಳೆದು ಸೋಣ ತಿಂಗಳಲ್ಲಿ ಬಿಸಿಲು ಇಣುಕತೊಡಗಿದಾಗ ಸಾಜಿದಾಳಿಗೆ ಒಂದು ಆರ್ಡರ್ ಅವಸರಕ್ಕೆ ಬಂತು. ಕಿಲ್ನಿನಲ್ಲಿ ಒಂದು ಮೂಲೆ ಖಾಲಿ ಉಳಿಯಿತು. ಅವಳು ನಿಯಮದ ಮಾತೆತ್ತುವ ಮೊದಲೇ ಆಶಕ್ಕ ಅಂದರು, "ಅಪ್ಪಿಯಮ್ಮನ ಪುಂಡಿ ಇಡು."

ತೆಗೆಯುವಾಗ ಒಂದೂ ಸಿಡಿದಿರಲಿಲ್ಲ. ಒಂದನ್ನು ಮನೆಗೆ ತಂದು ಅಜ್ಜಿಯ ಅಂಗೈಯಲ್ಲಿಟ್ಟೆ. ಅವಳು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಹೆಬ್ಬೆರಳಿನ ಗುರುತಿಗೆ ಹೆಬ್ಬೆರಳು ಇಟ್ಟು ನೋಡಿದಳು. ಆಮೇಲೆ ಎದ್ದು ಅಜ್ಜನ ಫೋಟೋದ ಎದುರು ಹೋದಳು.

"ಕೇಳಿತಾ?" ಅಂದಳು. "ನನ್ನದೂ ಒಡೆಯಲಿಲ್ಲ."